ಹದಿನೆಂಟು ಗ್ರಾಂ ನೀರು

ಕಾಪುವಿನ ದಿನಸಿ ಅಂಗಡಿಯ ಇದಿನಬ್ಬನ ಮಗಳು ಕುಂಞಿಪಾತುಮ್ಮ ಪಿಯುಸಿಗೆ ಸೇರಿದ್ದು ೧೯೭೯ರಲ್ಲಿ. ಆ ಮನೆಯ ಹೆಣ್ಣುಮಕ್ಕಳಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ. "ಫೇಲಾದರೆ ಮತ್ತೆ ಹೋಗುವುದು ಬೇಡ" ಎಂದು ಅಪ್ಪ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ. ಈಗ ನೋಡಿದರೆ ರಸಾಯನಶಾಸ್ತ್ರದಲ್ಲಿ ನೂರಕ್ಕೆ ಹನ್ನೊಂದು! ಗ್ಲ್ಯಾಡಿಸ್ ಟೀಚರ್ ಪುಣ್ಯಾತ್ಗಿತ್ತಿ, ಸೋಮವಾರ ಇನ್ನೊಮ್ಮೆ ಬರೆಯಲು ಬಿಟ್ಟಿದ್ದರು.

ಭಾನುವಾರ ಬೆಳಗ್ಗೆ ತಾಯಿ ಬೀಪಾತುಮ್ಮ ಎಲೆ, ಪುಡಿ ಹರಡಿದ ಗೆರಸೆಯ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮಗಳು ಎದುರು ಕುಳಿತು ಎಲೆ ಕತ್ತರಿಸುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಳು.

"ಎಂತ ತಪ್ಪಿದ್ದು, ಹೇಳು."

"ನೀರಾಗ್ಲಿಕ್ಕೆ ಎರಡು ಅನಿಲ ಸೇರಬೇಕು ಉಮ್ಮ. ಆಮ್ಲಜನಕ ಮೂವತ್ತೆರಡು ಗ್ರಾಂ ಉಂಟು, ಜಲಜನಕ ಎಷ್ಟು ಬೇಕು ಅಂತ ಕೇಳಿದ್ರು. ಅದೂ ಮೂವತ್ತೆರಡೇ ಅಂತ ಬರೆದೆ."

ಬೀಪಾತುಮ್ಮ ನಕ್ಕುಬಿಟ್ಟಳು. "ತಲೆ ಉಂಟಾ ನಿನಗೆ? ಸಾವಿರ ಬೀಡಿಗೆ ಕಂಪೆನಿಯ ಬ್ರಾಂಚಿನವರು ಎಲೆ ಅರ್ಧ ಕಿಲೋಗೂ ಮೇಲೆ ಕೊಡ್ತಾರೆ, ಹೊಗೆಸೊಪ್ಪಿನ ಪುಡಿ ಕಾಲು ಕಿಲೋವೂ ಇಲ್ಲ. ಸಮ ಸಮ ತೂಗಿದರೆ ಎಲೆ ಮುಗಿದು ಪುಡಿ ಉಳೀತದೆ. ಅವರೇನು ಒಂದೊಂದೇ ಎಲೆ ಎಣಿಸ್ತಾರಾ? ತೂಗಿದರೆ ಎಣಿಸಿದ ಹಾಗೆಯೇ ಅಲ್ವಾ?"

ಮಗಳ ಕೈಯ ಕತ್ತರಿ ಅಲ್ಲೇ ನಿಂತಿತು. ಅಯ್ಯೋ, ಇಷ್ಟೇನಾ! ಜಲಜನಕದ ಕಣಕ್ಕಿಂತ ಆಮ್ಲಜನಕದ್ದು ಹದಿನಾರು ಪಟ್ಟು ಭಾರ. ಆಮ್ಲಜನಕದ ಒಂದು ಕಣಕ್ಕೆ ಜಲಜನಕದ್ದು ಎರಡು ಬೇಕು. ಮೂವತ್ತೆರಡರಲ್ಲಿ ಹದಿನಾರನೇ ಒಂದು ಪಾಲು ಎರಡು, ಅದರ ಇಮ್ಮಡಿ ನಾಲ್ಕು; ಹಾಗಾದರೆ ಬೇಕಾದದ್ದು ನಾಲ್ಕೇ ಗ್ರಾಂ. ಬೀಡಿಗೆ ಸಾವಿರದ ಲೆಕ್ಕ ಇದ್ದಂತೆ ಕಣಗಳಿಗೆ ಮೋಲ್. ಒಂದು ಮೋಲ್ ಅಂದರೆ ಆರರ ಮುಂದೆ ಇಪ್ಪತ್ತಮೂರು ಸೊನ್ನೆ. ಹದಿನೆಂಟು ಗ್ರಾಂ ನೀರಲ್ಲಿ ಅಷ್ಟು ಕಣ! ಅವಳು ಎಲೆ ಬಿಟ್ಟು ಪುಸ್ತಕದ ಹಿಂದೆ ಗುಣಿಸತೊಡಗಿದಳು.

ಮಧ್ಯಾಹ್ನ ಊಟಕ್ಕೆ ಬಂದ ಇದಿನಬ್ಬನ ಮುಂದೆ ಗ್ಲಾಸಿನಲ್ಲಿ ಒಂದೇ ಗುಟುಕು ನೀರಿಟ್ಟಳು.

"ಎಂತ ಇದು, ಬಾವಿ ಬತ್ತಿತಾ?"

"ಉಪ್ಪಾ, ಕಾಪುವಿನಿಂದ ಕಾರ್ಕಳದವರೆಗೆ ಲಕ್ಷ ಹೆಂಗಸರು ದಿನಕ್ಕೆ ಸಾವಿರದಂತೆ ಬೀಡಿ ಕಟ್ಟಿದರೂ, ಇದರಲ್ಲಿರುವ ಕಣಗಳಷ್ಟು ಆಗ್ಲಿಕ್ಕೆ ಹದಿನಾರು ಲಕ್ಷ ಕೋಟಿ ವರ್ಷ ಬೇಕು."

ಇದಿನಬ್ಬ ಗ್ಲಾಸು ಎತ್ತಿ ಬೆಳಕಿಗೆ ಹಿಡಿದ. "ಯಾ ಅಲ್ಲಾಹ್! ಎಣಿಸಿದವರು ಯಾರು?"

"ಎಣಿಸಿದ್ದಲ್ಲ. ತೂಗಿದ್ದು."

ಮೂವತ್ತು ವರ್ಷ ತಕ್ಕಡಿ ಹಿಡಿದವನು ತನ್ನ ಅಂಗೈಯನ್ನೇ ನೋಡಿಕೊಂಡ.

"ನಾಳೆ ಫೇಲಾದರೆ, ಉಪ್ಪಾ?"

"ಮೂರನೇ ಸಲ ಬರಿ" ಎಂದ ಇದಿನಬ್ಬ. ಬಾಯಾರಿತ್ತು, ಆದರೂ ಆ ನೀರು ಕುಡಿಯಲು ಅವನಿಗೆ ಧೈರ್ಯ ಬರಲಿಲ್ಲ.