ಏಣಿ ಬಿಡದವಳು

ಬೆಳಗಿನ ಚಹಾ ಮುಗಿಸಿ ಎಲ್ಲರೂ ಲೋಟ ತೊಳೆದಿಡುತ್ತಿದ್ದರೆ, ಗುಬ್ಬಿ ಮಾತ್ರ ತುಂಬಿದ ಲೋಟ ಹಿಡಿದು ಗುಂಡಿಯನ್ನೇ ನೋಡುತ್ತ ಕೂತಿದ್ದಳು. ಪದವಿಯ ಕೊನೆಯ ವರ್ಷದ ಹುಡುಗಿ. ಆಳು ಪುಟ್ಟದು, ಅದಕ್ಕೇ ಆ ಹೆಸರು. ಹಳೆಯ ಕಾಲದ ಊರೊಂದು ಹೂತುಹೋಗಿದ್ದ ಆ ಬಯಲಿನಲ್ಲಿ ಕಾಲೇಜಿನ ಉತ್ಖನನ ಶಿಬಿರ; ಪ್ರತಿ ವಿದ್ಯಾರ್ಥಿಗೂ ಒಂದೊಂದು ಸಂಶೋಧನೆ. ಗುಬ್ಬಿಯದು, ಎರಡಾಳು ಆಳದ ಗುಂಡಿಯ ತಳದಲ್ಲಿ ಸಿಕ್ಕ ಒಂದು ಮಣ್ಣಿನ ಒಲೆ. ಅದರ ಬೂದಿಯನ್ನು ಇವತ್ತು ತೆಗೆದರೆ ಅವಳ ಪ್ರಾಜೆಕ್ಟ್ ಮುಗಿದಂತೆ. ನಾಳೆ ಹೊರಗಿನ ಪರೀಕ್ಷಕರು ಬರುವವರಿದ್ದರು.

ಆದರೆ ನಿನ್ನೆ ಅವಳು ಒಲೆಯ ಮೇಲೆ ಬಗ್ಗಿದ್ದಾಗ ಕತ್ತಿನ ಮೇಲೆ ಮಣ್ಣುದುರಿತ್ತು. ತಲೆಯೆತ್ತಿದರೆ ಗುಂಡಿಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಬಿರುಕು. ಮಣ್ಣಿನ ಪದರಗಳು ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಶಿಬಿರ ನಡೆಸುತ್ತಿದ್ದ ಮೇಷ್ಟ್ರು ಆ ಗೋಡೆಯನ್ನು ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗೆ ಕಡಿಸಿದ್ದರು. ಸಾಲದ್ದಕ್ಕೆ, ಅಗೆದ ಮಣ್ಣನ್ನು ದೂರ ಹೊತ್ತೊಯ್ದರೆ ಹೊತ್ತು ಹಾಳೆಂದು ಅಂಚಿನಲ್ಲೇ ಗುಡ್ಡೆ ಹಾಕಿಸಿದ್ದರು.

"ಹೇಳೇಬಿಡ್ಲಾ ಮೇಷ್ಟ್ರಿಗೆ?" ಎಂದಳು, ಪಕ್ಕದಲ್ಲಿದ್ದ ಸಹಪಾಠಿ ಲಂಬುವಿಗೆ.

"ಸುಮ್ನಿರು ತಾಯಿ! ಹೋದ್ವರ್ಷ ಬಾಯಿ ಬಿಟ್ಟೋಳು ಇಡೀ ಶಿಬಿರ ಮಡಕೆ ಚೂರು ತೊಳ್ಕೊಂಡೇ ಕೂತ್ಲು. ಬೇಗ ಇಳಿದು ಬೇಗ ಬಾ. ನಮ್ಮ ಮಾರ್ಕ್ಸೆಲ್ಲಾ ಅವರ ಕೈಯಲ್ಲೇ ಇರೋದು."

ಗುಬ್ಬಿ ಏಣಿ ಇಳಿದಳು. ಪ್ರತಿ ಮೆಟ್ಟಿಲಿಗೂ ಕಣ್ಣು ಗೋಡೆಯತ್ತ ಹೋಗುತ್ತಿತ್ತು. ಅಯ್ಯೋ, ಬೂದಿ ತೆಗೆಯುವುದೆಂದರೆ ಕೈ ನಡುಗಲೇಬಾರದ ಕೆಲಸ! ಬ್ರಷ್ ಹಿಡಿದದ್ದೇ ತಡ, ಮತ್ತೆ ಮಣ್ಣುದುರಿತು. ನಿನ್ನೆ ಉಗುರೂ ಹೋಗದಷ್ಟು ಸಣ್ಣಗಿದ್ದ ಬಿರುಕಿನಲ್ಲಿ ಈಗ ಅಂಗೈಯೇ ತೂರುವಂತಿತ್ತು. ಬ್ರಷ್ ಅಲ್ಲೇ ಎಸೆದು ದಡದಡನೆ ಮೇಲೇರಿದಳು.

"ಏನಮ್ಮಾ, ಇಷ್ಟು ಬೇಗ ಆಯ್ತಾ?" ಮೇಷ್ಟ್ರು ಎದುರಿಗೇ ನಿಂತಿದ್ದರು.

"ಗೋಡೆ ಬೀಳುತ್ತೆ ಸರ್."

"ನಿನ್ನ ವಯಸ್ಸಲ್ಲಿ ನಾನು ಇದಕ್ಕಿಂತ ಆಳಕ್ಕೆ ಇಳಿದಿದ್ದೀನಿ. ನಮ್ಮ ಗುರುಗಳು ಇಳಿ ಅಂದ್ರೆ ಇಳೀತಿದ್ವಿ, ಅಷ್ಟೆ. ನಾಳೆ ಪರೀಕ್ಷಕರಿಗೆ ಏನು ತೋರಿಸ್ತೀಯಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು." ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಹೋಗ್ಲಿ, ಲಂಬು, ನೀನಿಳಿಯಪ್ಪಾ."

ಲಂಬುವಿನ ಮುಖ ಬಿಳಿಚಿಕೊಂಡಿತು. ಆದರೂ ಏಣಿಯ ಕಡೆ ಹೆಜ್ಜೆಯಿಟ್ಟ. ಇಳಿದೇಬಿಡುತ್ತಾನಲ್ಲ ಇವನು! ಗುಬ್ಬಿಗೆ ತಾನು ಕೆಳಗಿದ್ದಾಗಲೂ ಅಷ್ಟು ಭಯವಾಗಿರಲಿಲ್ಲ. ಏಣಿಯನ್ನು ಸರಸರನೆ ಮೇಲಕ್ಕೆಳೆದು, ದೂರ ಒಯ್ದು, ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಕೊಡಲ್ಲ ಸರ್. ಬೇಕಾದ್ರೆ ಫೇಲ್ ಮಾಡಿ. ಏಣಿ ಮಾತ್ರ ಕೊಡಲ್ಲ."

"ಏನಿದು ಹುಡುಗಾಟ? ಏಳು!" ಮೇಷ್ಟ್ರು ಬಂದು ಏಣಿಗೆ ಕೈ ಹಾಕಿದರು. ಅವಳು ಬಿಡಲಿಲ್ಲ. ಲಂಬು ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ಬಂದು ಏಣಿಯ ಇನ್ನೊಂದು ತುದಿಯ ಮೇಲೆ ಕೂತ.

ಅಷ್ಟರಲ್ಲಿ ದೊಪ್ಪೆಂದು ಸದ್ದಾಯಿತು. ಕೂತ ನೆಲ ಅದುರಿತು. ಧೂಳು ಇಳಿದಾಗ ಗುಂಡಿಯ ಒಂದು ಬದಿಯೇ ಇರಲಿಲ್ಲ. ಒಲೆ, ಬೂದಿ, ಬ್ರಷ್ ಎಲ್ಲ ಮಣ್ಣಿನಡಿ ಸೇರಿದ್ದವು.

ಮೇಷ್ಟ್ರು ಓಡಿಬಂದ ವಿದ್ಯಾರ್ಥಿಗಳನ್ನು ಎಣಿಸತೊಡಗಿದರು. ಲೆಕ್ಕ ತಪ್ಪಿತು. ಮತ್ತೆ ಎಣಿಸಿದರು. ಇಬ್ಬರು ಕಡಿಮೆ.

"ಯಾರು? ಯಾರಿದ್ರು ಕೆಳಗೆ?" ಎಂದರು.

"ಇದರಲ್ಲಿ ಯಾರೂ ಇಲ್ಲ ಸರ್," ಎಂದಳು ಗುಬ್ಬಿ ಅಳುತ್ತಲೇ. ಬಯಲಿನ ಆಚೆ ಬದಿಯ ಗುಂಡಿಯ ಕಡೆ ಕೈ ತೋರಿಸಿದಳು. "ಜೂನಿಯರ್ಸ್ ಇಬ್ಬರೂ ಅದರಲ್ಲಿದ್ದಾರೆ. ಅದರ ಗೋಡೆನೂ ಹಿಂಗೇ ಇದೆ."

ಮೇಷ್ಟ್ರು ಓಡಿದರು. ಚಪ್ಪಲಿ ಕಳಚಿದ್ದೂ ಅವರಿಗೆ ಗೊತ್ತಾಗಲಿಲ್ಲ. "ಎಲ್ಲಾ ಅಲ್ಲೇ ಬಿಟ್ಟು ಮೇಲೆ ಬನ್ರಮ್ಮಾ!"

ಗುಂಡಿಯೊಳಗಿಂದ ಹೆದರಿದ ದನಿಯೊಂದು ಬಂತು: "ಸದ್ದು ಕೇಳಿದ್ರೂ ನಿಲ್ಲಿಸಿಲ್ಲ ಸರ್, ಕೆಲಸ ಮಾಡ್ತಾನೇ ಇದ್ದೀವಿ. ಬೈಬೇಡಿ ಸರ್!"

ಮೇಷ್ಟ್ರು ಅಲ್ಲಿನ ಏಣಿಯ ಪಕ್ಕ ಬೋರಲಾಗಿ ಮಲಗಿ, ಎರಡೂ ಕೈಗಳನ್ನು ಕೆಳಕ್ಕೆ ಚಾಚಿದರು.

"ಬೈಯಲ್ಲ ಕಣಮ್ಮಾ," ಎಂದರು. "ಇನ್ಮೇಲೆ ಬೈಯಲ್ಲ. ಕೈ ಕೊಡು."