ತಾತ ಕಲಿಸಿದ ಆಟ

ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸುವಾಗ ಅದರಡಿಯಿಂದ ಕಂದು ಲಕೋಟೆಯೊಂದು ಜಾರಿ ಮಗಳ ಕಾಲ ಮೇಲೆ ಬಿತ್ತು. ಅಪ್ಪನ ಹೆಣ ಆಗಲೇ ಹೊರಗೆ ವ್ಯಾನಿನಲ್ಲಿತ್ತು. ಮೂವತ್ತು ವರ್ಷ ಎಕ್ಸ್‌ರೇ ತೆಗೆದವನ ಹಾಸಿಗೆಯಡಿ ಎಕ್ಸ್‌ರೇ ಇಲ್ಲದೆ ಇನ್ನೇನಿರುತ್ತದೆ ಎಂದು ಅವಳು ಅದನ್ನು ಬದಿಗಿಡುವವಳಿದ್ದಳು. ಬಾಗಿಲಲ್ಲಿ ನಿಂತಿದ್ದ ಆಸ್ಪತ್ರೆಯ ಆಯಾಳ ಮುಖ ಬಿಳಿಚಿತು.

"ಸುಟ್ಟು ಹಾಕ್ತೀನಿ ಅಂದಿದ್ರಲ್ಲ, ಪುಣ್ಯಾತ್ಮ."

"ಏನದು?"

"ನನ್ನ ಕೇಳ್ಬೇಡ ತಾಯಿ."

ಕೇಳದಿದ್ದರೂ ಹೇಳುವ ಹೆಂಗಸು ಅವಳು. ಮಂಚದ ಅಂಚಿನಲ್ಲಿ ಕೂತಳು, ಹೇಳಿದಳು.

*

ನಾಲ್ಕು ತಿಂಗಳ ಹಿಂದೆ, ಊಟದ ಹೊತ್ತಿನಲ್ಲಿ ಎಕ್ಸ್‌ರೇ ಕೋಣೆ ಖಾಲಿಯಾಗಿತ್ತು. ಅಪ್ಪ ಅಂಗಿ ಬಿಚ್ಚಿ ಹಲಗೆಗೆ ಎದೆ ಒತ್ತಿ ನಿಂತ. ಗುಂಡಿ ಇದ್ದದ್ದು ಗಾಜಿನಾಚೆ. ಒತ್ತಲು ಇನ್ನೊಬ್ಬರು ಬೇಕು. ನೆಲ ಒರೆಸುತ್ತಿದ್ದ ಆಯಾಳನ್ನು ಕರೆದ.

"ನಾನು ಕೈ ಎತ್ತಿದ ತಕ್ಷಣ ಒತ್ತು."

"ಒತ್ತಿ, ನೀವು ಸತ್ತುಗಿತ್ತು ಹೋದ್ರೆ?"

"ಸತ್ರೆ ನಿನ್ನ ಹೆಸ್ರು ಹೇಳಲ್ಲ ಬಿಡು."

'ಉಸಿರು ಬಿಗಿ ಹಿಡಿ' ಎಂದು ಗದರಿ ಗದರಿ ಊರಿಗೆಲ್ಲ 'ಬಿಗಿಹಿಡಿ ಅಣ್ಣ' ಆದವನಿಗೆ ತನ್ನ ಸರದಿಯಲ್ಲಿ ಎರಡು ಕ್ಷಣ ಹಿಡಿಯಲಾಗಲಿಲ್ಲ. ಕೆಮ್ಮಿದ. ಮೂರನೇ ಸಲಕ್ಕೆ ಚಿತ್ರ ಸರಿಯಾಗಿ ಬಂತು. ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದ. ಟೀಬಿಗೆ ಮಾತ್ರೆ ಇದೆ, ಹೆದರೋದ್ಯಾಕೆ ಎಂದು ಬಂದವರಿಗೆಲ್ಲ ಬೈಯುತ್ತಿದ್ದವನು ಚಿತ್ರವನ್ನು ಕಂದು ಲಕೋಟೆಗೆ ತುರುಕಿ, ಸುಟ್ಟು ಹಾಕ್ತೀನಿ ಅಂದ.

"ಡಾಕ್ಟರಿಗೆ ತೋರ್ಸಿ ಅಣ್ಣ."

"ತೋರ್ಸಿದ್ರೆ ನನ್ ಮಗಳು ಅವಳ ಕೂಸು ಪುಟ್ಟೀನ ಕರ್ಕೊಂಡು ಮನೆ ಬಿಟ್ಟು ಹೋಗ್ತಾಳೆ. ನೀನು ಬಾಯಿ ಬಿಟ್ಟೀಯ, ಜೋಕೆ."

*

ಅಪ್ಪ ತಟ್ಟೆ ಲೋಟ ಬೇರೆ ಇಟ್ಟುಕೊಂಡದ್ದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು ಎಲ್ಲ ಮಗಳಿಗೆ ನೆನಪಾಯಿತು. ದೊರೆಯಾಗಿಬಿಟ್ಟಿರಾ ಎಂದು ಅವಳೇ ಚುಚ್ಚಿದ್ದಳು. ಸಾವಿನ ಚೀಟಿಯಲ್ಲಿ ಹೃದಯ ನಿಂತಿತು ಎಂದಷ್ಟೇ ಇತ್ತು.

ಅಂಗಳದಲ್ಲಿ ಪುಟ್ಟಿ ಕೆಮ್ಮಿದಳು. ಒಂದು ವಾರದಿಂದ ಕೆಮ್ಮುತ್ತಿದ್ದಳು. ಬೆಳಗಿನ ಜಾವ ಎದ್ದು ತಾತನ ಹೊದಿಕೆಯೊಳಗೆ ನುಸುಳುವ ಮಗು.

ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ, ಜೊತೆಗೆ ದುಡಿದವರು ಕೊನೆಯ ಸಲ ನೋಡಲೆಂದು ವ್ಯಾನ್ ಆಸ್ಪತ್ರೆಯ ಗೇಟಿನಲ್ಲಿ ನಿಂತಿತು. ಮಗಳು ಪುಟ್ಟಿಯ ಕೈ ಹಿಡಿದು ಎಕ್ಸ್‌ರೇ ಕೋಣೆಯ ಬಾಗಿಲಿಗೆ ನಡೆದಳು, ಹಿಂದೆಯೇ ಆಯಾ. ಹೊಸ ಟೆಕ್ನಿಷಿಯನ್ ಲಕೋಟೆಯ ಚಿತ್ರವನ್ನು ಬೆಳಕಿಗೆ ಹಿಡಿದ. ಎದೆಯ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ತೂತು.

"ಯಾರದಕ್ಕಾ ಇದು?"

"ವ್ಯಾನಲ್ಲಿ ಮಲಗಿರೋರದು. ಇವಳು ಅವರ ಪಕ್ಕದಲ್ಲೇ ಮಲಗ್ತಿದ್ಲು," ಎಂದಳು ಮಗಳು.

ಅವನು ಡಾಕ್ಟರಿಗೆ ಫೋನ್ ಮಾಡಿದ. ತಗ್ಗಿದ ದನಿಯಲ್ಲಿ ಎರಡು ಮಾತಾಡಿ ಇಟ್ಟ.

"ತೆಗಿ ಅಂದ್ರು. ಬಾ ಮರಿ, ನಾನು ಹೇಳ್ದಾಗ ಉಸಿರು ಹಿಡೀಬೇಕು, ಬರುತ್ತಾ?"

"ನಂಗೆ ಇಪ್ಪತ್ತರವರೆಗೂ ಬರುತ್ತೆ," ಎಂದಳು ಪುಟ್ಟಿ. "ತಾತಂದೇ ಆಟ. ತಾತ ಕೆಮ್ಮಿದಾಗೆಲ್ಲ ನಾನು ಹಿಡೀಬೇಕು. ಬಿಟ್ರೆ ಔಟ್."

"ಎಷ್ಟು ಸಲ ಔಟಾದೆ?" ಎಂದು ಮಗಳು ಕೇಳಿದಳು.

ಪುಟ್ಟಿ ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು. ಟೆಕ್ನಿಷಿಯನ್ ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ.

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಒಳಗಿನಿಂದ "ಉಸಿರು ಬಿಗಿ ಹಿಡಿ" ಎಂಬ ಕೂಗು. ಆಮೇಲೆ "ಬಿಡು ಮರಿ". ದೀಪ ಆರಿತು. ಗೇಟಿನಲ್ಲಿ ವ್ಯಾನ್ ಎರಡು ಸಲ ಹಾರ್ನ್ ಹೊಡೆಯಿತು.

ಆಯಾ ಮಗಳ ಭುಜ ಹಿಡಿದು ಅಲುಗಿಸಿದಳು.

"ಬಿಡು ತಾಯಿ. ತೆಗೆದಾಯ್ತು, ನೀನೂ ಉಸಿರು ಬಿಡು."