ಮೂರು ಆಯ್ಕೆ, ಹನ್ನೆರಡು ಸೆಮಿಸ್ಟರ್

ನನ್ನ ಅಕ್ಕ ಓದದೇ ಇದ್ದ ವಿಷಯಗಳು ಎರಡು: ಡೇಟಾ ಸ್ಟ್ರಕ್ಚರ್ಸ್ ಮತ್ತು ಆಪರೇಟಿಂಗ್ ಸಿಸ್ಟಮ್ಸ್. ಕಂಪ್ಯೂಟರ್ ಸೈನ್ಸ್ ವಿಭಾಗದ ಎರಡನೇ ಮಹಡಿಯ ಲ್ಯಾಬಿನಲ್ಲಿ ಅವಳು ಐದು ವರ್ಷದಿಂದ ಅಸಿಸ್ಟೆಂಟ್ ಆಗಿದ್ದಳು. ಅರವತ್ತು ಯಂತ್ರಗಳಲ್ಲಿ ಯಾವುದು ಈ ವಾರ ಕೈಕೊಡುತ್ತದೆ ಎಂದು ಫ್ಯಾನಿನ ಸದ್ದು ಕೇಳಿಯೇ ಹೇಳುತ್ತಿದ್ದಳು. ಆದರೆ ಅವಳ ಪದವಿ ಸಂಖ್ಯಾಶಾಸ್ತ್ರದ್ದು. ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗ ಪ್ರವೇಶಪತ್ರದ ಕೆಳಗೆ ಷರತ್ತು ಬಂತು: ಈ ಎರಡನ್ನು ಮೊದಲು ಪಾಸು ಮಾಡಬೇಕು, ದರ್ಜೆ ಬಿ‌ಗಿಂತ ಇಳಿಯಬಾರದು, ಇವುಗಳ ಕ್ರೆಡಿಟ್ ಪದವಿಗೆ ಸೇರುವುದಿಲ್ಲ.

ಓದುವ ಹುಚ್ಚೇನೂ ಅವಳಿಗಿರಲಿಲ್ಲ. ಆ ವರ್ಷ ವಿಭಾಗದವರು ಒಂದು ಸುತ್ತೋಲೆ ಹೊರಡಿಸಿದ್ದರು. ವಿದ್ಯಾರ್ಥಿಗಳೆಲ್ಲ ಲ್ಯಾಪ್‌ಟಾಪ್ ತರುವುದರಿಂದ ಆರು ವರ್ಷಗಳಲ್ಲಿ ಲ್ಯಾಬ್ ಮುಚ್ಚುತ್ತದೆ, ಅಸಿಸ್ಟೆಂಟ್ ಹುದ್ದೆ ರದ್ದಾಗುತ್ತದೆ. ಬದಲಿಗೆ ಒಂದೇ ಒಂದು ಇನ್‌ಸ್ಟ್ರಕ್ಟರ್ ಹುದ್ದೆ ಬರುತ್ತದೆ, ಅದಕ್ಕೆ ಮಾಸ್ಟರ್ಸ್ ಬೇಕು. ಅಷ್ಟರಲ್ಲಿ ಡಿಗ್ರಿ ಮುಗಿಸಿದರೆ ಆ ಹುದ್ದೆ ಅಕ್ಕನದು. ಮುಗಿಸದಿದ್ದರೆ ಮನೆ.

ನಾನು ಆಗ ಅದೇ ವಿಭಾಗದಲ್ಲಿ ಡಿಗ್ರಿ ಓದುತ್ತ ಅಕ್ಕನ ಮನೆಯಲ್ಲೇ ಇದ್ದೆ. ಷರತ್ತಿನ ಎರಡು ವಿಷಯಗಳನ್ನು ಅವಳು ಎರಡು ಸೆಮಿಸ್ಟರಿನಲ್ಲಿ ಮುಗಿಸಿದಳು. ಮೂರನೆಯದು ಶುರುವಾಗುವ ಮೊದಲು ಆಯ್ಕೆಯ ಫಾರಂ ತುಂಬಬೇಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತೆವು. ಲಿಫ್ಟ್ ರಿಪೇರಿ ಮಾಡುವ ಭಾವ ಪಕ್ಕದಲ್ಲಿ ನಿಂತು ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದರು.

“ಮೂರು ಬಾಗಿಲಿದೆ. ಮೊದಲನೇದು ಬರೀ ಕೋರ್ಸು. ಹತ್ತು ಕೋರ್ಸು, ಕೊನೇಗೆ ಒಂದು ದೊಡ್ಡ ಪರೀಕ್ಷೆ. ಎರಡನೇದು ಪ್ರಾಜೆಕ್ಟು. ಒಂಬತ್ತು ಕೋರ್ಸು, ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಕಂಪನೀಲಿ ಕೂರ್ಬೇಕು,” ಎಂದೆ.

“ಅದಾಗಲ್ಲ. ರಜಾ ಕೊಡಲ್ಲ. ಮುಂದೆ ಹೇಳು.”

“ಮೂರನೇದು ಥೀಸಿಸ್. ಏಳೇ ಕೋರ್ಸು. ಉಳಿದ ಒಂಬತ್ತು ಕ್ರೆಡಿಟ್ಟು ಥೀಸಿಸ್ಸಿಗೆ.”

“ಇವಳ ಡಿಗ್ರಿ ನನ್ನ ಹಳೇ ಲಿಫ್ಟ್ ಇದ್ದ ಹಾಗೆ,” ಎಂದರು ಭಾವ. “ಎಲ್ಲಾ ಮಹಡೀಲೂ ನಿಲ್ಲುತ್ತೆ, ಬಾಗಿಲು ಮಾತ್ರ ತೆಗೆಯಲ್ಲ.”

“ನೀವು ಸುಮ್ನೆ ಕೈ ತೊಳ್ಕೊಂಡು ಬನ್ನಿ,” ಎಂದಳು ಅಕ್ಕ.

ಲೆಕ್ಕ ಹಾಕಿದ್ದು ನಾನು. ನೌಕರರಿಗೆ ಒಂದು ಸೆಮಿಸ್ಟರಿಗೆ ಒಂದೇ ಕೋರ್ಸು ತೆಗೆದುಕೊಳ್ಳಲು ಬಿಡುತ್ತಾರೆ. ಮೊದಲ ದಿನದಿಂದ ಆರು ವರ್ಷ, ಅಂದರೆ ಹನ್ನೆರಡು ಸೆಮಿಸ್ಟರಿನ ಗಡುವು. ಎರಡು ಆಗಲೇ ಹೋಗಿತ್ತು. ಹತ್ತು ಕೋರ್ಸಿನ ದಾರಿ ಹಿಡಿದರೆ ಹತ್ತು ಸೆಮಿಸ್ಟರ್, ಒಂದೇ ಒಂದು ಸಲ ಜ್ವರ ಬಂದು ಪರೀಕ್ಷೆ ತಪ್ಪಿದರೂ ಎಲ್ಲ ಮುಳುಗುತ್ತದೆ. ಥೀಸಿಸ್ ಆದರೆ ಏಳರಲ್ಲಿ ಕ್ಲಾಸು ಮುಗಿಯುತ್ತದೆ, ಉಳಿದ ಕೆಲಸ ತನ್ನದೇ ಲ್ಯಾಬಿನಲ್ಲಿ ತನ್ನದೇ ಕುರ್ಚಿಯ ಮೇಲೆ ಕೂತು ಮಾಡಬಹುದು. “ಕಣ್ಣು ಮುಚ್ಚಿ ಥೀಸಿಸ್ ಹಾಕು,” ಎಂದೆ. ಅವಳು ಹಾಕಿದಳು.

ಗೈಡ್ ಆಗಿ ಸಿಕ್ಕವರನ್ನು ಹುಡುಗರು ‘ಆಗುತ್ತೆ ಸರ್’ ಎಂದು ಕರೆಯುತ್ತಿದ್ದರು. ಏನು ಕೇಳಿದರೂ “ಆಗುತ್ತೆ ಬಿಡಿ” ಎನ್ನುವ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಥೀಸಿಸ್ ಆಗಲಿ ಪ್ರಾಜೆಕ್ಟ್ ಆಗಲಿ ಮಾಡುವವರು ಸಂಶೋಧನಾ ವಿಧಾನದ ಶನಿವಾರದ ಕ್ಲಾಸಿಗೆ ಕೂರಲೇಬೇಕು. ಶನಿವಾರ ಅಕ್ಕನಿಗೆ ಯಂತ್ರಗಳನ್ನು ಶುಚಿ ಮಾಡುವ ದಿನ.

“ನಿಮಗ್ಯಾಕಮ್ಮ ಆ ಕ್ಲಾಸು? ಇಷ್ಟು ವರ್ಷದಿಂದ ಇಲ್ಲೇ ಇದೀರಿ, ಅಲ್ಲಿ ಹೇಳೋದೆಲ್ಲ ನಿಮಗೆ ಗೊತ್ತಿರುತ್ತೆ. ವಿನಾಯಿತಿ ಬರ್ಕೊಡ್ತೀನಿ,” ಎಂದರು ಸರ್. ಬರೆದುಕೊಟ್ಟರು.

ವಿಷಯ ಅಕ್ಕನದೇ. ಮೊದಲ ವರ್ಷದ ಮಕ್ಕಳು ಲ್ಯಾಬಿನಲ್ಲಿ ಪ್ರೋಗ್ರಾಮ್ ಬರೆಯುವಾಗ ಹೇಗೆ ತಪ್ಪು ಮಾಡುತ್ತಾರೆ ಎಂಬುದನ್ನು ಅವಳು ದಿನವೂ ನೋಡುತ್ತಿದ್ದಳು. ಕೆಲವರು ತಪ್ಪು ಬಂದ ಕೂಡಲೇ ಓದುತ್ತಾರೆ, ತಿದ್ದುತ್ತಾರೆ. ಕೆಲವರು ಅದೇ ತಪ್ಪನ್ನು ನಲವತ್ತು ಸಲ ಓಡಿಸುತ್ತಾರೆ, ಯಂತ್ರಕ್ಕೆ ಬೇಸರ ಬಂದು ಬಿಟ್ಟುಕೊಡುತ್ತದೆ ಎನ್ನುವ ಹಾಗೆ. ಆ ಎರಡನೆಯವರು ವರ್ಷದ ಕೊನೆಗೆ ಕಾಣೆಯಾಗುತ್ತಾರೆ. ಮೊದಲ ನಾಲ್ಕು ವಾರದ ತಪ್ಪುಗಳನ್ನು ನೋಡಿ ಯಾರು ಓದು ಬಿಡುತ್ತಾರೆ ಎಂದು ಹೇಳಬಹುದೇ? ಅದು ಅವಳ ಪ್ರಶ್ನೆ. ಐದನೇ ಸೆಮಿಸ್ಟರಿನಿಂದ ಅವಳು ಅರವತ್ತು ಯಂತ್ರಗಳಲ್ಲೂ ಒಂದು ಸಣ್ಣ ಪ್ರೋಗ್ರಾಮ್ ಕೂರಿಸಿದಳು. ಯಾರು, ಯಾವಾಗ, ಯಾವ ತಪ್ಪು, ಎಷ್ಟು ಸಲ, ಎಲ್ಲ ಹೆಸರು ಸಮೇತ ಬಂದು ಬೀಳುತ್ತಿತ್ತು. ಅಂಕಪಟ್ಟಿಯೂ ಅವಳ ಕೈಗೇ ಬರುತ್ತಿದ್ದುದರಿಂದ ಎರಡನ್ನೂ ಹೊಂದಿಸಿದಳು.

ಇದರ ನಡುವೆ ಒಂದು ಸಣ್ಣ ಬದಲಾವಣೆಯಾಯಿತು. ಮುಂಚೆ ಅಕ್ಕ ಸಾಲುಗಳ ಮಧ್ಯೆ ಓಡಾಡುತ್ತ, ತಲೆ ಹಿಡಿದು ಕೂತ ಹುಡುಗ ಹುಡುಗಿಯರ ಬೆನ್ನ ಹಿಂದೆ ನಿಂತು, “ಇಲ್ನೋಡು, ಬ್ರಾಕೆಟ್ಟು ಮುಚ್ಚಿಲ್ಲ,” ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅದನ್ನು ನಿಲ್ಲಿಸಿದಳು.

“ನಾನು ಕೈ ಹಾಕಿದ್ರೆ ಲೆಕ್ಕ ಕೆಡುತ್ತೆ ಕಣೇ. ಅವರು ತಾವಾಗೇ ಏನು ಮಾಡ್ತಾರೆ ಅಂತ ನೋಡ್ಬೇಕು,” ಎಂದಳು. ನನಗೂ ಅದು ಸರಿಯೆನಿಸಿತು.

ಎಂಟನೇ ಸೆಮಿಸ್ಟರಿನ ಹೊತ್ತಿಗೆ ನಾನೂ ಮಾಸ್ಟರ್ಸ್ ಸೇರಿ, ಪ್ರಾಜೆಕ್ಟ್ ಆಯ್ಕೆ ಮಾಡಿಕೊಂಡು, ಆ ಶನಿವಾರದ ಕ್ಲಾಸಿನಲ್ಲಿ ಕೂತಿದ್ದೆ. ಮೂರನೇ ವಾರ ಪಾಠ ಮಾಡುವವರು ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: ಮನುಷ್ಯರ ಹೆಸರಿರುವ ಮಾಹಿತಿಯಾದರೆ ಮೊದಲು ಸಂಶೋಧನಾ ನೀತಿ ಸಮಿತಿಯ ಅನುಮತಿ, ಆಮೇಲೆ ಸಂಗ್ರಹ. ತಿರುಗುಮುರುಗು ಮಾಡಿದರೆ ಥೀಸಿಸ್ ಇಲ್ಲ. ಮನೆಗೆ ಬಂದು ಕೇಳಿದೆ.

“ಅಕ್ಕಾ, ಪರ್ಮಿಶನ್ ತಗೊಂಡಿದೀಯಾ?”

“ಯಾರ ಹತ್ರ?”

“ಏನೋ ಸಮಿತಿ ಇದೆಯಂತೆ.”

“ನಂದೇ ಲ್ಯಾಬು, ನನ್ನ ಹತ್ರಾನೇ ಬೀಗದ ಕೈ. ಆ ಲಾಗ್ ಫೈಲ್ ನೋಡೋದೇ ನನ್ನ ಕೆಲಸ, ಅದಕ್ಕೇ ಸಂಬಳ ಕೊಡೋದು. ಯಾರನ್ನ ಕೇಳ್ಲಿ? ಕನ್ನಡಿ ಮುಂದೆ ನಿಂತ್ಕೊಂಡು ನನ್ನೇ ಕೇಳ್ಕೊಳ್ಲಾ?”

ಇಬ್ಬರೂ ನಕ್ಕೆವು. ಸೋಮವಾರ ಅವಳು ಸರ್‌ಗೆ ಹೇಳಿದಳಂತೆ. “ಅದೊಂದು ಫಾರ್ಮಾಲಿಟಿ, ಕೊನೇಲಿ ಆಗುತ್ತೆ ಬಿಡಿ,” ಎಂದರಂತೆ. ನನಗೆ ಆ ವಾರ ಟೆಸ್ಟ್ ಇತ್ತು. ನಾನು ಮತ್ತೆ ಕೇಳಲಿಲ್ಲ.

ಒಂಬತ್ತನೇ ಸೆಮಿಸ್ಟರಿಗೆ ಏಳೂ ಕೋರ್ಸು ಮುಗಿದವು, ಐದರಲ್ಲಿ ಎ. ಹತ್ತು ಮತ್ತು ಹನ್ನೊಂದನೇ ಸೆಮಿಸ್ಟರಿನಲ್ಲಿ ಅವಳು ತನ್ನ ವಿಧಾನವನ್ನು ಹೊಸ ಮಕ್ಕಳ ಮೇಲೆ ಪರೀಕ್ಷಿಸಿದಳು. ನಾಲ್ಕನೇ ವಾರದ ಕೊನೆಗೆ ಹೆಸರುಗಳ ಪಟ್ಟಿ ತೆಗೆದು ಲಕೋಟೆಯಲ್ಲಿಟ್ಟು ಅಂಟಿಸಿ, ಸರ್ ಕೈಯಲ್ಲಿ ತಾರೀಖು ಹಾಕಿಸಿ, ಬೀರುವಿನಲ್ಲಿಟ್ಟಳು. ವರ್ಷದ ಕೊನೆಗೆ ತೆರೆದರೆ ಬಹುಪಾಲು ಸರಿ. ಸರ್ ಎಲ್ಲರಿಗೂ ತೋರಿಸಿದರು. ಅಕ್ಕ ನೂರ ಹನ್ನೆರಡು ಪುಟ ಬರೆದಳು. ಹನ್ನೆರಡನೇ ಸೆಮಿಸ್ಟರಿನ ಐದನೇ ವಾರ ಅದನ್ನು ಬೈಂಡ್ ಮಾಡಿಸಿ ಆಫೀಸಿಗೆ ಒಯ್ದಳು. ಎತ್ತಿಕೊಳ್ಳಲು ನಾನೂ ಹೋಗಿದ್ದೆ.

ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಫಾರಂ ನೋಡುವ ಒಬ್ಬ ಹೆಂಗಸಿದ್ದರು. ಎಲ್ಲರೂ ‘ಫಾರಂ ಮೇಡಂ’ ಎನ್ನುತ್ತಿದ್ದರು. ಅವರು ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವಿ, ಒಂದು ಕಡೆ ನಿಲ್ಲಿಸಿದರು.

“ಈ ಕಾಲಂ ಖಾಲಿ ಇದೆಯಲ್ಲಮ್ಮ. ಸಮಿತಿ ಅನುಮತಿ ಸಂಖ್ಯೆ.”

“ಅದು ಸರ್ ಹಾಕ್ಸ್ತೀನಿ ಅಂದಿದಾರೆ.”

“ನಿಮ್ಮ ಸರ್ ಮದುವೇಗೂ ಮುಂಚೆ ನಾಮಕರಣಕ್ಕೆ ಕರೀತಾರೆ,” ಎಂದರು ಮೇಡಂ. ಆಮೇಲೆ ಅಕ್ಕನ ಮುಖ ನೋಡಿ ದನಿ ತಗ್ಗಿಸಿದರು. “ಹೋಗಿ, ಇವತ್ತೇ ಸಮಿತಿಗೆ ಅರ್ಜಿ ಹಾಕಿ. ಒಂದು ಗಂಟೆನೂ ಕಾಯ್ಬೇಡಿ.”

ಎರಡು ವಾರದ ಮೇಲೆ ಸಮಿತಿ ಕರೆಯಿತು. ಉದ್ದದ ಮೇಜು, ಐದು ಜನ, ನೀರಿನ ಜಗ್ಗು. ನನ್ನನ್ನು ಹೊರಗೆ ಕೂರಿಸಿದರು, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಮಿತಿಯ ಅಧ್ಯಕ್ಷೆ, ಕಾನೂನು ವಿಭಾಗದವರು, ಮಾತಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ನೋಡ್ತಿದೀರಿ ಅಂತ ಈ ಮಕ್ಕಳಿಗೆ ಗೊತ್ತಿತ್ತಾ?”

“ಇಲ್ಲ ಮೇಡಂ.”

“ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಅವರು ಬೇರೆ ಥರ ಟೈಪ್ ಮಾಡ್ತಿದ್ರು.”

ಯಾರೋ ಕುರ್ಚಿ ಸರಿಸಿದರು. ಸಂಖ್ಯಾಶಾಸ್ತ್ರದ ಪ್ರಕಾರ ಅದು ಸರಿಯಾದ ಉತ್ತರ.

“ಈ ಲಕೋಟೆ ಇದೆಯಲ್ಲ. ನಾಲ್ಕನೇ ವಾರ ಪಟ್ಟಿ ನಿಮ್ಮ ಕೈಲಿತ್ತು. ಇದರಲ್ಲಿರೋರಿಗೆ ಯಾರಿಗಾದ್ರೂ ಏನಾದ್ರೂ ಹೇಳಿದ್ರಾ?”

“ಇಲ್ಲ.”

“ಯಾಕೆ?”

“ನನ್ನ ವಿಧಾನದ ಪರೀಕ್ಷೆ ಮುಗಿದಿರಲಿಲ್ಲ, ಮೇಡಂ.”

‘ಆಗುತ್ತೆ ಸರ್’ ಅಲ್ಲೇ ಇದ್ದರು. ವಿನಾಯಿತಿ ಪತ್ರ ತೋರಿಸಿ ಕೇಳಿದಾಗ, “ಇವರಿಗೆ ಗೊತ್ತಿರುತ್ತೆ ಅಂತ ತಿಳ್ಕೊಂಡಿದ್ದೆ,” ಎಂದರು. ಅವರಿಗೆ ಒಂದು ಎಚ್ಚರಿಕೆ ಪತ್ರ ಬಂತು.

ಅಕ್ಕನಿಗೆ ಬಂದದ್ದು ಎರಡು ಪುಟ. ಅನುಮತಿಯಿಲ್ಲದೆ ಸಂಗ್ರಹಿಸಿದ ಮಾಹಿತಿಯಿಂದ ಬರೆದ ಥೀಸಿಸ್ ಸ್ವೀಕಾರವಿಲ್ಲ. ಮಾಹಿತಿಯನ್ನು ಪೂರ್ತಿ ಅಳಿಸಬೇಕು. ಸಂಬಂಧಪಟ್ಟ ಲ್ಯಾಬ್ ಅಸಿಸ್ಟೆಂಟ್ ಸಮಿತಿಯ ಸದಸ್ಯರೊಬ್ಬರ ಎದುರು ಅಳಿಸಿ ಸಹಿ ಹಾಕಬೇಕು.

ಬುಧವಾರ ಬೆಳಗ್ಗೆ ಹತ್ತೂವರೆಗೆ ಸದಸ್ಯ ಬಂದ, ನನಗಿಂತ ಸ್ವಲ್ಪ ದೊಡ್ಡವನು, ಮುಜುಗರದಲ್ಲಿದ್ದ. ಅಕ್ಕ ಸ್ಟೂಲ್ ಎಳೆದು ಅವನನ್ನು ಕೂರಿಸಿದಳು. ಮೂಲ ಕಡತ ಅಳಿಸಿದಳು. ಬ್ಯಾಕಪ್ ಅಳಿಸಿದಳು. “ಇನ್ನೊಂದು ಕಾಪಿ ಇದೆ, ಅದು ನಿಮಗೆ ಗೊತ್ತಿಲ್ಲ,” ಎಂದು ಹೇಳಿ ಅದನ್ನೂ ತೆಗೆದು ತೋರಿಸಿ ಅಳಿಸಿದಳು. ಕಾಗದದಲ್ಲಿ ಎರಡು ಜಾಗವಿತ್ತು: ವಿದ್ಯಾರ್ಥಿ, ಲ್ಯಾಬ್ ಅಸಿಸ್ಟೆಂಟ್. ಎರಡರಲ್ಲೂ ಒಂದೇ ಸಹಿ ಹಾಕಿದಳು. ಅಷ್ಟು ಹೊತ್ತೂ ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ಒಂದೇ ತಪ್ಪನ್ನು ಮತ್ತೆ ಮತ್ತೆ ಓಡಿಸುತ್ತಿದ್ದಳು. ಅಕ್ಕ ಅವಳ ಕಡೆ ತಿರುಗಲಿಲ್ಲ.

ನಾನು ಫಾರಂ ಮೇಡಂ ಹತ್ತಿರ ಓಡಿದೆ. ಥೀಸಿಸ್ ಬಿಟ್ಟು ಕೋರ್ಸಿನ ಆಯ್ಕೆಗೆ ಬದಲಾಯಿಸಿದರೆ?

“ಬದಲಾಯಿಸ್ಬಹುದು. ಥೀಸಿಸ್ಸಿನ ಒಂಬತ್ತು ಕ್ರೆಡಿಟ್ಟು ಸೊನ್ನೆ ಆಗುತ್ತೆ. ಇನ್ನು ಮೂರು ಕೋರ್ಸು, ದೊಡ್ಡ ಪರೀಕ್ಷೆ. ಗಡುವು ಇನ್ನೆಷ್ಟಿದೆ?”

“ಒಂಬತ್ತು ವಾರ. ವಿಸ್ತರಣೆ ಕೇಳಿದ್ರೆ?”

“ಎರಡು ಸೆಮಿಸ್ಟರ್ ಕೊಡ್ತಾರೆ. ಆದ್ರೆ ಫೈಲು ಚೊಕ್ಕಟ ಇರೋರಿಗೆ. ಇವರ ಫೈಲಲ್ಲಿ ಸಮಿತಿ ಟಿಪ್ಪಣಿ ಇದೆ.” ಅವರು ಸೀಲನ್ನು ಅತ್ತಿತ್ತ ಇಟ್ಟರು. “ನಿಯಮ ನಾನು ಬರ್ದಿಲ್ಲ ಮಗಾ. ನಾನು ಸೀಲ್ ಹೊಡಿಯೋಳು. ಹತ್ತು ಕೋರ್ಸು ತಗೊಂಡಿದ್ರೆ ಈ ಸೆಮಿಸ್ಟರಿಗೆ ಮುಗ್ದೇ ಹೋಗ್ತಿತ್ತು. ಥೀಸಿಸ್ ಹಾಕು ಅಂತ ಅವರಿಗೆ ಯಾರು ಹೇಳಿದ್ದು?”

ನಾನು ವಿಸ್ತರಣೆಯ ಫಾರಂ ಇಸಿದುಕೊಂಡು ಹೊರಟೆ.

ಆದರೂ ಅಕ್ಕ ವಿಸ್ತರಣೆಗೆ ಅರ್ಜಿ ಹಾಕಿದಳು. ಒಂದು ಸಾಲಿನ ಉತ್ತರ ಬಂತು. ಇನ್‌ಸ್ಟ್ರಕ್ಟರ್ ಹುದ್ದೆಗೆ ಹೊರಗಿನಿಂದ ಒಬ್ಬನನ್ನು ತೆಗೆದುಕೊಂಡರು. ಅವನಿಗೆ ಯಂತ್ರಗಳ ಪಟ್ಟಿ ಒಪ್ಪಿಸುವ ಕೆಲಸ ಅಕ್ಕನಿಗೇ ಬಿತ್ತು, ಮೂರು ದಿನ ಕೂತು ಒಪ್ಪಿಸಿದಳು. ಆ ವಾರ ಊಟದ ಹೊತ್ತಿಗೆ ಭಾವ ಲಿಫ್ಟಿನ ಮಾತೆತ್ತಲಿಲ್ಲ.

“ಆ ಮಕ್ಕಳಿಗೆ ಹೇಳ್ಬಹುದಿತ್ತು ಅಲ್ವಾ?” ಎಂದು ಒಂದು ದಿನ ತಟ್ಟೆ ತೊಳೆಯುತ್ತ ಕೇಳಿದಳು. ಮುಖ ನಲ್ಲಿಯ ಕಡೆಗಿತ್ತು.

“ಹೇಳಿದ್ರೆ ಥೀಸಿಸ್ ಆಗ್ತಿರಲಿಲ್ಲ.”

“ಈಗೇನು ಆಯ್ತಾ?”

ಹೋದದ್ದು ಇಷ್ಟು: ಆರು ವರ್ಷ, ಒಂಬತ್ತು ಕ್ರೆಡಿಟ್, ಏಳು ಕೋರ್ಸು, ನೂರ ಹನ್ನೆರಡು ಪುಟ, ಒಂದು ಕೆಲಸ. ಹತ್ತು, ಹನ್ನೊಂದನೇ ಸೆಮಿಸ್ಟರಿನಲ್ಲಿ ಓದು ಬಿಟ್ಟುಹೋದವರು ಐವತ್ತೆಂಟು ಮಂದಿ. ಅವರಲ್ಲಿ ನಲವತ್ತೇಳು ಮಂದಿಯ ಹೆಸರು ನಾಲ್ಕನೇ ವಾರವೇ ಲಕೋಟೆಯಲ್ಲಿತ್ತು.